ಆಟಿಕಸ್ ಫಿಂಚ್‌ನನ್ನು ಇಷ್ಟೊಂದು ಹೊತ್ತು ಮೆರೆಸಬೇಕಾ?

ಪುಟದ ಮಡಿಕೆ:
ನಮ್ಮ ಓದುಗರ ಬಳಗದಲ್ಲಿ ಈ ಸಲ ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಓದಿದೆವು. ಮಾತು ಜಗಳದವರೆಗೂ ಹೋಯಿತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಓದದವರಿಗೆ ಚುಟುಕಾಗಿ ಕಥೆ. 1930ರ ದಶಕ. ಅಮೆರಿಕದ ಅಲಬಾಮಾ ರಾಜ್ಯ, ಮೇಕೋಂಬ್ ಎಂಬ ಕಾಲ್ಪನಿಕ ಊರು. ಸ್ಕೌಟ್ ಎಂಬ ಪುಟ್ಟ ಹುಡುಗಿ ಕಥೆ ಹೇಳುತ್ತಾಳೆ. ಅವಳ ಅಪ್ಪ ಆಟಿಕಸ್ ವಕೀಲ. ಮೇಯೆಲ್ಲಾ ಯೂವೆಲ್ ಎಂಬ ಬಿಳಿ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಅಂತ ಟಾಮ್ ರಾಬಿನ್‌ಸನ್ ಎಂಬ ಕಪ್ಪು ಯುವಕನ ಮೇಲೆ ಸುಳ್ಳು ಕೇಸು ಬೀಳುತ್ತದೆ. ಟಾಮ್‌ನ ಎಡಗೈ ಚಿಕ್ಕಂದಿನಲ್ಲೇ ಹತ್ತಿ ಜಿನ್ನಿಂಗ್ ಯಂತ್ರಕ್ಕೆ ಸಿಕ್ಕಿ ಊನವಾಗಿದೆ. ಹುಡುಗಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಗಡೆ, ಅಂದರೆ ಹೊಡೆದವನು ಎಡಚ ಇರಬೇಕು. ಅವಳ ಅಪ್ಪ ಬಾಬ್ ಯೂವೆಲ್ ಎಡಚ. ಇಷ್ಟೆಲ್ಲ ಕೋರ್ಟಿನಲ್ಲೇ ಬಯಲಾದರೂ ಬಿಳಿಯರ ಜ್ಯೂರಿ (ಜನರ ನಡುವಿನಿಂದ ಆರಿಸಿದ ತೀರ್ಪುಗಾರರ ತಂಡ) ಟಾಮ್‌ನನ್ನೇ ಅಪರಾಧಿ ಅನ್ನುತ್ತದೆ. ಆಮೇಲೆ ಜೈಲಿನಿಂದ ತಪ್ಪಿಸಿಕೊಳ್ಳಲು ಹೋದಾಗ ಕಾವಲಿನವರು ಗುಂಡು ಹಾರಿಸಿ ಕೊಲ್ಲುತ್ತಾರೆ. 1960ರಲ್ಲಿ ಬಂದ ಪುಸ್ತಕ, ಮರುವರ್ಷವೇ ಪುಲಿಟ್ಜರ್ ಪ್ರಶಸ್ತಿ.

ಬಳಗದಲ್ಲಿ ಅರ್ಧ ಜನ "ಇಂಥ ಅಪ್ಪ, ಇಂಥ ವಕೀಲ ಎಲ್ಲಿ ಸಿಗ್ತಾನೆ" ಅಂದರು. ಉಳಿದರ್ಧ "ಸತ್ತವನು ಟಾಮ್, ಹೆಸರು ಬಂದಿದ್ದು ಆಟಿಕಸ್‌ಗೆ" ಅಂತ ಸಿಟ್ಟಾದರು. ನನಗಂತೂ ಮೊದಲ ಭಾಗ, ಮಕ್ಕಳು ಹೊರಗೇ ಬಾರದ ನೆರೆಮನೆಯ ಬೂ ರ‍್ಯಾಡ್ಲಿ ಮನೆ ಸುತ್ತ ಸುಳಿದಾಡೋದು, ತುಂಬಾ ಹಿಡಿಸಿತು. ನೀವು ಯಾವ ಕಡೆ?

ಫಿಲಂ ಹುಚ್ಚ:
ನಾನು ಸಿನಿಮಾ ನೋಡಿದ್ದೇನೆ, ಪುಸ್ತಕ ಇನ್ನೂ ಇಲ್ಲ. 1962ರ ಚಿತ್ರ, ಕಪ್ಪು ಬಿಳುಪು. ಗ್ರೆಗರಿ ಪೆಕ್‌ಗೆ ಆಸ್ಕರ್ ಬಂದಿದ್ದು ಇದಕ್ಕೇ. 2003ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹೀರೋಗಳ ಪಟ್ಟಿ ಮಾಡಿತು. ಮೊದಲನೆಯವನು ಆಟಿಕಸ್ ಫಿಂಚ್. ಜೇಮ್ಸ್ ಬಾಂಡ್ ಮೂರನೆಯವನು. ಬಾಂಡ್‌ನನ್ನೇ ಹಿಂದೆ ಹಾಕಿದವನನ್ನು ನೀವು ಕೆಳಗಿಳಿಸೋಕೆ ಹೊರಟಿದ್ದೀರಾ?

ಗೊಣಗುವ ತಾತ:
ಓದದೇ ಅಭಿಪ್ರಾಯ ಹೇಳೋ ಚಾಳಿ ಯಾವಾಗ ಬಿಡ್ತೀರಪ್ಪಾ.

ಫಿಲಂ ಹುಚ್ಚ:
ತಾತ, ನಾನು ಸಿನಿಮಾ ಬಗ್ಗೆ ತಾನೇ ಹೇಳಿದ್ದು!

ಕೋರ್ಟ್ ಹಾಲ್ 9:
ಕೋರ್ಟಿನಲ್ಲಿ ದಿನಾ ಓಡಾಡುವವನಾಗಿ ನನ್ನದೊಂದು ಮಾತು.

ಮೊದಲಿಗೆ, ಆಟಿಕಸ್ ಈ ಕೇಸನ್ನು ತಾನಾಗಿ ಕೈಗೆತ್ತಿಕೊಂಡದ್ದಲ್ಲ. ಜಡ್ಜ್ ಟೇಲರ್ ವಹಿಸಿದ್ದು. ಇಂಥ ಕೇಸು ಬರದೇ ಜೀವನ ಕಳೆದುಬಿಡಬಹುದು ಅಂದುಕೊಂಡಿದ್ದೆ ಅಂತ ಅವನೇ ತಮ್ಮನ ಹತ್ತಿರ ಹೇಳುತ್ತಾನೆ. ಇದು ಅವಮಾನವೇನಲ್ಲ. ವಹಿಸಿದ ಕೇಸನ್ನು ಕಾಟಾಚಾರಕ್ಕೆ ನಡೆಸದೇ ಪ್ರಾಮಾಣಿಕವಾಗಿ ನಡೆಸಿದ. ಅಷ್ಟಕ್ಕೇ ಊರು ಅವನ ಮೇಲೆ ತಿರುಗಿಬಿತ್ತು ಅನ್ನೋದೇ ಕಥೆ. ಬಾಬ್ ಯೂವೆಲ್‌ಗೆ ಕಾಗದ ಕೊಟ್ಟು ಹೆಸರು ಬರೆಸಿ ಎಡಚ ಅಂತ ತೋರಿಸುವ ಪಾಟೀಸವಾಲು ನೋಡಿ. ದನಿ ಏರಿಸಲ್ಲ, ಬಯ್ಯಲ್ಲ. ನಮ್ಮ ಜೂನಿಯರ್‌ಗಳಿಗೆ ಅದನ್ನು ಓದಿ ಅಂತ ಹೇಳ್ತಾ ಇರ್ತೇನೆ.

ಆದರೆ ಒಂದು ಕಡೆ ಅವನು ಕೈಕಟ್ಟಿ ಕೂತ. ಜ್ಯೂರಿಯ ಬಗ್ಗೆ ಚಕಾರ ಎತ್ತಲಿಲ್ಲ. ಕಾದಂಬರಿಯೊಳಗಿನ ಕಾಲ ಲೆಕ್ಕ ಹಾಕಿದರೆ ವಿಚಾರಣೆ ನಡೆಯೋದು 1935ರ ಬೇಸಿಗೆಯಲ್ಲಿ. ಅದೇ ವರ್ಷ ಏಪ್ರಿಲ್ 1ಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್ 'ನಾರಿಸ್ ವರ್ಸಸ್ ಅಲಬಾಮಾ' ಕೇಸಿನಲ್ಲಿ, ಕಪ್ಪು ಜನರನ್ನು ಬೇಕಂತಲೇ ಜ್ಯೂರಿಯಿಂದ ದೂರ ಇಟ್ಟು ಕೊಟ್ಟ ಶಿಕ್ಷೆ ನಿಲ್ಲಲ್ಲ ಅಂತ ಹೇಳಿತ್ತು. ಅದೂ ಅಲಬಾಮಾದ್ದೇ ಕೇಸು! ಆ ರಾಜ್ಯದ ಒಬ್ಬ ಓದಿಕೊಂಡ ವಕೀಲನಿಗೆ ಇದು ಗೊತ್ತಿರಲ್ವಾ? ಅವನು ಶಾಸಕ ಬೇರೆ. ಮನ್ರೋ ಫ್ರೀಡ್‌ಮನ್ ಎಂಬ ಕಾನೂನು ಪ್ರಾಧ್ಯಾಪಕರು 1992ರಲ್ಲೇ ಇದೇ ಥರದ ಟೀಕೆ ಬರೆದಿದ್ದರು. ಊರಿನ ಅನ್ಯಾಯ ಅಷ್ಟು ವರ್ಷ ಕಣ್ಣೆದುರು ಇದ್ದರೂ ವಹಿಸಿದ ಹೊರತು ಆಟಿಕಸ್ ಏನೂ ಮಾಡಲಿಲ್ಲ ಅಂತ. ವಕೀಲರೆಲ್ಲ ಅವರ ಮೇಲೆ ಮುಗಿಬಿದ್ದರು.

ಮೇಷ್ಟ್ರು ಶಿರಸಿ:
ವಕೀಲರೇ, ಕಾದಂಬರಿಯನ್ನು ಕೇಸ್ ಫೈಲ್ ಥರ ಓದಿದರೆ ಹೇಗೆ? ಕಥೆ ಹೇಳೋದು ಆರರಿಂದ ಒಂಬತ್ತು ವಯಸ್ಸಿನ ಮಗುವಿನ ಕಣ್ಣಿಂದ. ಆ ವಯಸ್ಸಿನಲ್ಲಿ ಅಪ್ಪ ಯಾರಿಗೆ ಹೀರೋ ಅಲ್ಲ?

ಇನ್ನೊಂದು, ಪುಸ್ತಕ ಬಂದ ಹೊತ್ತು ನೋಡಿ. 1954ರಲ್ಲಿ ಶಾಲೆಗಳಲ್ಲಿ ಬಣ್ಣದ ಭೇದ ಸಲ್ಲದು ಅಂತ ಸುಪ್ರೀಂ ಕೋರ್ಟ್ ಹೇಳಿತು. 1955ರಲ್ಲಿ ಮಿಸಿಸಿಪಿಯಲ್ಲಿ 14 ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಕೊಂದರು. ಕೊಂದವರನ್ನು ಬಿಳಿಯರ ಜ್ಯೂರಿ ಬಿಟ್ಟುಬಿಟ್ಟಿತು. 1956ರಲ್ಲಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಸೇರಿದ ಮೊದಲ ಕಪ್ಪು ವಿದ್ಯಾರ್ಥಿನಿ ಆಥರೀನ್ ಲೂಸಿ ಕೆಲವೇ ದಿನಗಳಲ್ಲಿ ಗಲಭೆಯ ನೆಪದಲ್ಲಿ ಹೊರಬೀಳಬೇಕಾಯಿತು. ಹಾರ್ಪರ್ ಲೀ ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು. ಆ ಹೊತ್ತಿನಲ್ಲಿ ದಕ್ಷಿಣದ ಬಿಳಿ ಹೆಣ್ಣುಮಗಳೊಬ್ಬಳು ತನ್ನವರಿಗೇ ಕನ್ನಡಿ ಹಿಡಿದಳು. 4 ಕೋಟಿಗೂ ಹೆಚ್ಚು ಪ್ರತಿ ಹೋಗಿದೆ. ಎಷ್ಟು ಬಿಳಿ ಮಕ್ಕಳು ಮೊದಲ ಸಲ ಇದನ್ನು ಓದಿ ಅಪ್ಪಂದಿರನ್ನು ಪ್ರಶ್ನೆ ಕೇಳಿರಬಹುದು!

ಬಿ.ಎ. ಕೊನೇ ವರ್ಷ:
ಸರ್, ನಮಗಿದು ಪಠ್ಯ. "ಜ್ಯೂರಿ ಐದೇ ನಿಮಿಷದಲ್ಲಿ ತೀರ್ಪು ಕೊಟ್ಟಿತು, ಇದು ಪೂರ್ವಗ್ರಹಕ್ಕೆ ಸಾಕ್ಷಿ" ಅಂತ ಗೈಡ್‌ನಲ್ಲಿದೆ. ಬರೀಬಹುದಾ?

ಮೇಷ್ಟ್ರು ಶಿರಸಿ:
ಬರೀಬೇಡಮ್ಮ. ಜ್ಯೂರಿ ಗಂಟೆಗಟ್ಟಲೆ ಕೂತಿತ್ತು. ರಾತ್ರಿ ಹನ್ನೊಂದು ದಾಟಿತ್ತು. ಅಷ್ಟು ತಡವಾಗಿದ್ದೇ ಒಂದು ಹೆಜ್ಜೆ ಮುಂದೆ ಅಂತ ನೆರೆಮನೆಯ ಮಿಸ್ ಮೌಡಿ ಹೇಳೋದು. ಕನಿಂಗ್‌ಹ್ಯಾಮ್ ಕುಟುಂಬದ ಒಬ್ಬ ಬಿಡುಗಡೆಯ ಪರ ಹಟ ಹಿಡಿದಿದ್ದ ಅಂತ ಆಟಿಕಸ್ ಆಮೇಲೆ ಮಕ್ಕಳಿಗೆ ಹೇಳುತ್ತಾನೆ. ಗೈಡ್ ಬಿಟ್ಟು 23ನೇ ಅಧ್ಯಾಯ ಓದು. ಹೆಂಗಸರು ಯಾಕೆ ಜ್ಯೂರಿಯಲ್ಲಿ ಕೂರಲ್ಲ ಅನ್ನೋ ಮಾತೂ ಅಲ್ಲೇ ಬರುತ್ತದೆ. ಅಲಬಾಮಾದಲ್ಲಿ ಹೆಂಗಸರಿಗೆ ಆ ಬಾಗಿಲು ತೆರೆದದ್ದು 1966ರ ಕೋರ್ಟ್ ತೀರ್ಪಿನಿಂದ.

ಕೆಂಪುಮಣ್ಣು:
ಮೇಷ್ಟ್ರೇ, ಕನ್ನಡಿ ಅಂದ್ರಲ್ಲ. ಆ ಕನ್ನಡಿಯಲ್ಲಿ ಯಾರ ಮುಖ ಕಾಣುತ್ತೆ?

ಕೋರ್ಟ್ ತುಂಬಿರುತ್ತೆ. ಸ್ಕೌಟ್, ಅವಳ ಅಣ್ಣ ಜೆಮ್, ಗೆಳೆಯ ಡಿಲ್‌ಗೆ ಕೆಳಗೆ ಜಾಗ ಸಿಗಲ್ಲ. ಕಪ್ಪು ಜನರ ಚರ್ಚಿನ ಪಾದ್ರಿ ರೆವರೆಂಡ್ ಸೈಕ್ಸ್ ಅವರನ್ನು ಮೇಲೆ ಕಪ್ಪು ಜನರ ಬಾಲ್ಕನಿಗೆ ಕರೆದೊಯ್ಯುತ್ತಾರೆ. ಅಲ್ಲಿ ಮುಂದಿನ ಸಾಲಿನಲ್ಲಿದ್ದ ನಾಲ್ಕು ಜನ ಕಪ್ಪು ಜನ ಎದ್ದು ಈ ಮಕ್ಕಳಿಗೆ ಜಾಗ ಬಿಟ್ಟುಕೊಡ್ತಾರೆ. ಒಂದೇ ವಾಕ್ಯ. ಓದುವಾಗ ಯಾರ ಗಮನಕ್ಕೂ ಬರಲ್ಲ. ತಮ್ಮವನೊಬ್ಬನ ಜೀವ ತೂಗಾಡುತ್ತಿರುವ ವಿಚಾರಣೆ ನೋಡೋಕೆ ಬಂದು ಜಾಗ ಹಿಡಿದವರು ಅವರು. ಮುಂದೆ ಏನಾದರು? ನಿಂತುಕೊಂಡು ಕೇಳಿದರಾ? ಕಾದಂಬರಿಗೆ ಅದು ಬೇಕಿಲ್ಲ. ಇಡೀ ವಿಚಾರಣೆಯನ್ನು ನಾವು ಅವರು ಬಿಟ್ಟುಕೊಟ್ಟ ಸೀಟಿನಲ್ಲಿ ಕೂತ ಹುಡುಗಿಯ ಕಣ್ಣಿಂದ ನೋಡ್ತೇವೆ.

ತೀರ್ಪು ಬಂದ ಮೇಲೆ ಆಟಿಕಸ್ ಹೊರಗೆ ನಡೆಯುವಾಗ ಬಾಲ್ಕನಿಯವರೆಲ್ಲ ಎದ್ದು ನಿಲ್ಲುತ್ತಾರೆ. ಎಲ್ಲರ ಕಣ್ಣಲ್ಲೂ ನೀರು ಬರೋ ಸೀನು. ನನಗೆ ಮೈ ಉರಿಯಿತು. ಕೇಸು ಸೋತಿದೆ, ಟಾಮ್‌ನನ್ನು ಕರೆದುಕೊಂಡು ಹೋದರು, ಅವನ ಹೆಂಡತಿ ಹೆಲೆನ್ ಏನು ಮಾಡ್ತಿದ್ದಾಳೋ ಗೊತ್ತಿಲ್ಲ. ಇವರು ವಕೀಲನಿಗೆ ಗೌರವ ತೋರಿಸ್ತಾ ನಿಂತಿದ್ದಾರೆ!

ಆಟಿಕಸ್ ಮನೆಯ ಅಡುಗೆ ಮಾಡುವ ಕಪ್ಪು ಹೆಂಗಸು ಕ್ಯಾಲ್ಪುರ್ನಿಯಾ ಮಕ್ಕಳನ್ನು ತನ್ನ ಚರ್ಚಿಗೆ ಕರೆದೊಯ್ದಾಗ ಲೂಲಾ ಅನ್ನೋಳು ಬಾಗಿಲಲ್ಲೇ ತಡೆಯುತ್ತಾಳೆ. ಬಿಳಿ ಮಕ್ಕಳನ್ನು ಇಲ್ಲಿಗ್ಯಾಕೆ ತಂದೆ ಅಂತ ಕೇಳ್ತಾಳೆ. ಎದುರಿಗೇ ಸಿಟ್ಟು ತೋರಿಸುವ ಕಪ್ಪು ಹೆಂಗಸು ಅವಳೊಬ್ಬಳೇ. ಸ್ಕೌಟ್ ಇನ್ನೊಮ್ಮೆ ತಿರುಗಿ ನೋಡೋದರಲ್ಲಿ ಲೂಲಾ ಮಾಯ. ಕಥೆಯಿಂದಲೇ ಮಾಯ. ನನಗೆ ಲೂಲಾಳ ಕಾದಂಬರಿ ಬೇಕು.

ಉಮಾ ತುಮಕೂರು:
ಆ ನಾಲ್ಕು ಜನರ ವಾಕ್ಯ ಈಗ ಪುಸ್ತಕ ತೆಗೆದು ನೋಡಿದೆ. ಹೌದು, ಇದೆ.

ಆದರೆ ಕೆಂಪುಮಣ್ಣು ಅವರೇ, ಎದ್ದು ನಿಂತದ್ದಕ್ಕೆ ಇಷ್ಟು ಸಿಟ್ಟು ಯಾಕೆ? ಸೋತರೂ ತಮ್ಮ ಪರ ನಿಂತವನಿಗೆ ಗೌರವ ಕೊಡೋದು ಅವರ ದೊಡ್ಡತನ ಅಲ್ವಾ?

ಕೆಂಪುಮಣ್ಣು:
ಮೇಡಂ, ದೊಡ್ಡತನ ಯಾವಾಗಲೂ ನಮ್ಮ ಕಡೆಯಿಂದಲೇ ಯಾಕೆ ಬರಬೇಕು ಅಂತ ನನ್ನ ಪ್ರಶ್ನೆ. "ನಮ್ಮ ಕಡೆ" ಅಂತ ಬೇಕಂತಲೇ ಬರೆದೆ. ಕೇರಿಯಲ್ಲಿ ಬೆಳೆದವರು ಈ ಪುಸ್ತಕ ಓದುವಾಗ ಬಾಲ್ಕನಿಯಲ್ಲೇ ಕೂತಿರ್ತಾರೆ. ಅಗ್ರಹಾರದಲ್ಲಿ ಬೆಳೆದವರು ಸ್ಕೌಟ್ ಪಕ್ಕ ಕೂರ್ತಾರೆ. 1946ರಲ್ಲಿ ಅಂಬೇಡ್ಕರ್ ಅವರು ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದು ಎರಡೂ ಕಡೆಯ ಪಾಡು ಒಂದೇ ಥರ ಇದೆ ಅಂದಿದ್ದರು. ನಾನೇನು ಹೊಸದು ಹೇಳ್ತಿಲ್ಲ.

ಮೇಷ್ಟ್ರು ಶಿರಸಿ:
ಹಾಗಾದರೆ 'ಚೋಮನ ದುಡಿ'ಗೂ ಇದೇ ಮಾತು ಹೇಳ್ತೀರಾ? 1933ರದು. ಮೇಕೋಂಬ್ ಕಥೆ ನಡೆಯೋ ಕಾಲವೇ. ಬರೆದ ಶಿವರಾಮ ಕಾರಂತರೂ ಹೊರಗಿನವರೇ.

ಕೆಂಪುಮಣ್ಣು:
ಅಲ್ಲಿ ಉದ್ಧಾರ ಮಾಡೋ ಹೀರೋ ಇಲ್ಲವಲ್ಲ ಸರ್. ಧಣಿ ಸಂಕಪ್ಪಯ್ಯನವರಿಗೆ ಭೂಮಿ ಕೊಡೋ ಮನಸ್ಸಿದ್ದರೂ ತಾಯಿಯ ಮಾತು ಮೀರಲ್ಲ. ಭೂಮಿ ಸಿಗಲ್ಲ. ಚೋಮನ ಆಸೆ, ಚೋಮನ ಸಿಟ್ಟು, ಚೋಮನ ಮಕ್ಕಳು, ಕೊನೆಗೆ ದುಡಿಯೂ ಅವನ ಕೈಯಲ್ಲೇ. ಕಾರಂತರ ಬಗ್ಗೆ ನನಗೆ ಬೇರೆ ತಕರಾರುಗಳಿವೆ. ಆದರೆ ಆ ಕಥೆ ಯಾರದ್ದು ಅನ್ನೋದರಲ್ಲಿ ಅನುಮಾನ ಇಲ್ಲ. ಅದಾದ ಮೇಲೆ ಸಿದ್ದಲಿಂಗಯ್ಯನವರ 'ಊರುಕೇರಿ' ಓದಿ. ಒಳಗಿನವನು ಬರೆದರೆ ನಗು ಎಲ್ಲೆಲ್ಲಿ ಹುಟ್ಟುತ್ತೆ ನೋಡಿ. ಟಾಮ್ ರಾಬಿನ್‌ಸನ್ ಇಡೀ ಪುಸ್ತಕದಲ್ಲಿ ಒಂದು ಸಲವಾದರೂ ನಗ್ತಾನಾ?

ಫಿಲಂ ಹುಚ್ಚ:
ಚೋಮನ ದುಡಿ ಸಿನಿಮಾ! ಬಿ.ವಿ. ಕಾರಂತರದ್ದು, 1975. ಎಂ.ವಿ. ವಾಸುದೇವರಾವ್ ಅವರಿಗೆ ರಾಷ್ಟ್ರಪ್ರಶಸ್ತಿ. ಆ ಕೊನೆಯ ದುಡಿ ಬಾರಿಸೋದು... ಗ್ರೆಗರಿ ಪೆಕ್ ಪಕ್ಕಕ್ಕೆ ನಿಲ್ಲಬೇಕು.

ಗೊಣಗುವ ತಾತ:
ಈ ಮಾತಿಗೆ ನನ್ನ ಸಹಮತ ಇದೆ.

ಹಂಟ್ಸ್‌ವಿಲ್ ಕನ್ನಡಿಗ:
ಅಲಬಾಮಾದಿಂದಲೇ ಬರೆಯುತ್ತಿದ್ದೇನೆ. ಇಲ್ಲಿ ಹಂಟ್ಸ್‌ವಿಲ್‌ನಲ್ಲಿ ಕೆಲಸ. ಹಾರ್ಪರ್ ಲೀ ಹುಟ್ಟಿದ ಊರು ಮನ್ರೋವಿಲ್, ಇಲ್ಲಿಂದ ದಕ್ಷಿಣಕ್ಕೆ ನಾಲ್ಕೈದು ಗಂಟೆ ಕಾರಿನ ದಾರಿ. ಅಲ್ಲಿನ ಹಳೆಯ ಕೋರ್ಟ್ ಕಟ್ಟಡ ಈಗ ಮ್ಯೂಸಿಯಂ. ಸಿನಿಮಾದವರು ಅಲ್ಲಿ ಚಿತ್ರೀಕರಣ ಮಾಡಲಿಲ್ಲ, ಅಳತೆ ತೆಗೆದುಕೊಂಡು ಹೋಗಿ ಹಾಲಿವುಡ್‌ನಲ್ಲಿ ಅದೇ ಥರದ ಸೆಟ್ ಹಾಕಿದರು. ಪ್ರತಿ ವಸಂತದಲ್ಲಿ ಊರವರೇ ಸೇರಿ ಈ ಕಥೆಯ ನಾಟಕ ಆಡುತ್ತಾರೆ. ಮೊದಲ ಅಂಕ ಹೊರಗೆ ಹುಲ್ಲಿನ ಮೇಲೆ, ಎರಡನೆಯದು ಒಳಗೆ ಕೋರ್ಟ್ ಹಾಲಿನಲ್ಲಿ. ಜ್ಯೂರಿಗೆ ಪ್ರೇಕ್ಷಕರನ್ನೇ ಆರಿಸುತ್ತಾರೆ. ನಾಟಕ ಚೆನ್ನಾಗಿತ್ತು. ಊರಲ್ಲಿ ಎಲ್ಲೆಲ್ಲೂ ಮಾಕಿಂಗ್‌ಬರ್ಡ್ ಹೆಸರೇ, ಆ ಹೆಸರಿನ ಮೇಲೆ ವ್ಯಾಪಾರ.

ಈಗ ಇನ್ನೊಂದು ಕಥೆ ಕೇಳಿ. ಅದೇ ಮನ್ರೋವಿಲ್‌ನಲ್ಲಿ 1986ರಲ್ಲಿ ಒಬ್ಬ ಬಿಳಿ ಯುವತಿಯ ಕೊಲೆ ಆಯಿತು. ಮರುವರ್ಷ ವಾಲ್ಟರ್ ಮ್ಯಾಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು ಹಿಡಿದರು. ಕೊಲೆಯಾದ ಹೊತ್ತಿಗೆ ಆತ ಮನೆಯಲ್ಲೇ ಇದ್ದ. ಚರ್ಚಿಗೆ ದುಡ್ಡು ಸೇರಿಸಲು ಮೀನು ಕರಿದು ಮಾರುತ್ತಿದ್ದರು, ಹತ್ತಾರು ಜನ ಕಂಡಿದ್ದರು. ಆದರೆ ಆತನಿಗೆ ಒಬ್ಬ ಬಿಳಿ ಹೆಂಗಸಿನ ಜೊತೆ ಸಂಬಂಧ ಇತ್ತು ಅನ್ನೋದು ಊರಿಗೆಲ್ಲ ಗೊತ್ತಿತ್ತು. ವಿಚಾರಣೆಗೆ ಮುಂಚೆಯೇ ಗಲ್ಲು ಶಿಕ್ಷೆಯ ಕೈದಿಗಳ ಜೊತೆ ಇಟ್ಟರು! 1988ರಲ್ಲಿ ವಿಚಾರಣೆ ಒಂದೂವರೆ ದಿನದಲ್ಲಿ ಮುಗಿಯಿತು. ಜ್ಯೂರಿ ಜೀವಾವಧಿ ಅಂದಿತು, ಜಡ್ಜ್ ಅದನ್ನು ತಳ್ಳಿಹಾಕಿ ಮರಣದಂಡನೆ ಕೊಟ್ಟರು. ಬ್ರಯನ್ ಸ್ಟೀವನ್‌ಸನ್ ಎಂಬ ಕಪ್ಪು ವಕೀಲರು ಹೋರಾಡಿದ ಮೇಲೆ 1993ರಲ್ಲಿ ಬಿಡುಗಡೆ. ಆ ಹೋರಾಟದ ನಡುವೆಯೂ ಊರವರು ಅವರಿಗೆ ಮಾಕಿಂಗ್‌ಬರ್ಡ್ ಮ್ಯೂಸಿಯಂ ನೋಡಿದ್ರಾ ಅಂತ ಕೇಳ್ತಿದ್ದರಂತೆ.

ನಿಜವಾದ ಆಟಿಕಸ್ ಬಂದಾಗ ಅದೇ ಊರು ಗುರುತು ಹಿಡಿಯಲಿಲ್ಲ ಅಂತ ನನಗೆ ಅನಿಸುತ್ತೆ. ಈ ಪುಸ್ತಕವನ್ನು ಹೆಮ್ಮೆಯಿಂದ ಕಪಾಟಿನಲ್ಲಿ ಇಟ್ಟುಕೊಂಡವರೇ ಜಾಸ್ತಿ.

ಬಿಸಿಲೂರು:
ಅಬ್ಬಾ. ಇದು ಗೊತ್ತೇ ಇರಲಿಲ್ಲ.

ಕೋರ್ಟ್ ಹಾಲ್ 9:
ಜ್ಯೂರಿಯ ಮಾತು ಮೀರಿ ಜಡ್ಜ್ ಗಲ್ಲು ಕೊಡುವ ಆ ಅಧಿಕಾರವನ್ನು ಅಲಬಾಮಾ 2017ರಲ್ಲಿ ತೆಗೆದುಹಾಕಿತು.

ಬಿಸಿಲೂರು:
ಒಂದು ಅನುಮಾನ. ಆಟಿಕಸ್ ಥರದವರು 1930ರಲ್ಲಿ ನಿಜಕ್ಕೂ ಇದ್ದರಾ, ಇಲ್ಲ ಇದು ಲೇಖಕಿಯ ಕನಸಾ?

ಹಂಟ್ಸ್‌ವಿಲ್ ಕನ್ನಡಿಗ:
ಇದ್ದರು ಸರ್, ಬೆರಳೆಣಿಕೆಯಷ್ಟು. ಲೀ ಅವರ ತಂದೆಯೇ ವಕೀಲರು. 1919ರಲ್ಲಿ ಕೊಲೆ ಆರೋಪ ಹೊತ್ತ ಇಬ್ಬರು ಕಪ್ಪು ಜನರ ಪರ ವಾದಿಸಿದ್ದರು. ಇಬ್ಬರಿಗೂ ಗಲ್ಲಾಯಿತು.

ಆದರೆ ನನ್ನ ಲೆಕ್ಕದಲ್ಲಿ ಅಸಲಿ ಮನುಷ್ಯ ಜಡ್ಜ್ ಜೇಮ್ಸ್ ಹಾರ್ಟನ್. 1931ರಲ್ಲಿ ಗೂಡ್ಸ್ ರೈಲಿನಲ್ಲಿ ಹೋಗುತ್ತಿದ್ದ ಒಂಬತ್ತು ಕಪ್ಪು ಹುಡುಗರ ಮೇಲೆ ಇಬ್ಬರು ಬಿಳಿ ಹೆಂಗಸರು ಅತ್ಯಾಚಾರದ ದೂರು ಕೊಟ್ಟರು. ಸ್ಕಾಟ್ಸ್‌ಬರೋ ಕೇಸು ಅಂತಾರೆ. ಆ ಹೆಂಗಸರು ಇದೇ ಹಂಟ್ಸ್‌ವಿಲ್‌ನ ಹತ್ತಿ ಗಿರಣಿ ಕೆಲಸದವರು. ಅವರಲ್ಲಿ ರೂಬಿ ಬೇಟ್ಸ್ 1933ರಲ್ಲಿ ಕೋರ್ಟಿನಲ್ಲೇ "ಹಾಗೇನೂ ನಡೆದಿಲ್ಲ" ಅಂದಳು. ಆದರೂ ಡಿಕೇಟರ್‌ನ ಜ್ಯೂರಿ ಹೇವುಡ್ ಪ್ಯಾಟರ್ಸನ್‌ಗೆ ಮರಣದಂಡನೆ ಕೊಟ್ಟಿತು. ಹಾರ್ಟನ್ ಸಾಕ್ಷ್ಯ ಸಾಲದು ಅಂತ ಆ ತೀರ್ಪನ್ನು ರದ್ದು ಮಾಡಿದರು. ಮರುವರ್ಷದ ಚುನಾವಣೆಯಲ್ಲಿ ಜಡ್ಜ್ ಕುರ್ಚಿ ಹೋಯಿತು. ಇಲ್ಲಿ ಜಡ್ಜ್‌ಗಳನ್ನು ಜನ ವೋಟು ಹಾಕಿ ಆರಿಸುತ್ತಾರೆ, ಗೊತ್ತಲ್ಲ. ಆಟಿಕಸ್ ಮಾತ್ರ ಕೇಸು ಮುಗಿದ ಮೇಲೂ ಎದುರಾಳಿಯಿಲ್ಲದೆ ಶಾಸಕನಾಗಿ ಆರಿಸಿ ಬರ್ತಾನೆ! ಅಲ್ಲಿ ಲೀ ಸ್ವಲ್ಪ ಸಕ್ಕರೆ ಬೆರೆಸಿದ್ದಾರೆ.

ಉಮಾ ತುಮಕೂರು:
ಎಲ್ಲರೂ ಆಟಿಕಸ್, ಟಾಮ್ ಅಂತಲೇ ಮಾತಾಡ್ತಿದ್ದೀರಿ. ಮೇಯೆಲ್ಲಾ ಯಾರಿಗೂ ನೆನಪಿಲ್ವಾ?

19 ವರ್ಷದ ಹುಡುಗಿ. ತಾಯಿ ಇಲ್ಲ. ಏಳು ತಮ್ಮ ತಂಗಿಯರನ್ನು ಸಾಕ್ತಾಳೆ. ಕುಡುಕ ಅಪ್ಪ. ಊರಿನ ತಿಪ್ಪೆ ಪಕ್ಕದ ಗುಡಿಸಲು. ಆ ಹೊಲಸಿನ ನಡುವೆ ಕೆಂಪು ಜೆರೇನಿಯಂ ಗಿಡಗಳನ್ನು ಅಷ್ಟು ಅಕ್ಕರೆಯಿಂದ ಬೆಳೆಸಿರ್ತಾಳೆ. ಆಟಿಕಸ್ "ನಿನಗೆ ಸ್ನೇಹಿತರು ಯಾರು" ಅಂತ ಕೇಳಿದರೆ ಅವಳಿಗೆ ಪ್ರಶ್ನೆಯೇ ಅರ್ಥ ಆಗಲ್ಲ, ಗೇಲಿ ಮಾಡ್ತಿದ್ದಾನೆ ಅಂದುಕೊಳ್ತಾಳೆ. ಅಪ್ಪ ಅವಳಿಗೆ ಏನು ಮಾಡ್ತಿದ್ದ ಅನ್ನೋದು ಟಾಮ್ ಹೇಳಿಕೆಯಲ್ಲಿ ಒಂದು ಮಾತಲ್ಲಿ ಬಂದು ಹೋಗುತ್ತೆ. ಕೋರ್ಟು, ಜಡ್ಜು, ಆಟಿಕಸ್ ಯಾರೂ ಅದರ ಬಗ್ಗೆ ಏನೂ ಮಾಡಲ್ಲ. ತೀರ್ಪಾದ ಮೇಲೆ ಅವಳು ಅದೇ ಮನೆಗೆ ವಾಪಸ್.

ಅವಳು ಸುಳ್ಳು ಹೇಳಿದ್ದು ತಪ್ಪು. ಅದಕ್ಕೆ ಒಂದು ಜೀವ ಹೋಯಿತು. ಆದರೂ ನಾನು ಓದಿ ಮುಗಿಸಿದ ಮೇಲೆ ತಲೆಯಲ್ಲಿ ಉಳಿದದ್ದು ಅವಳೇ.

ಕೆಂಪುಮಣ್ಣು:
"ಪಾಪ ಅನಿಸಿತು" ಅಂತ ಟಾಮ್ ಕೂಡ ಹೇಳಿದ ಮೇಡಂ. ಆ ಒಂದು ಮಾತೇ ಅವನಿಗೆ ಮುಳುವಾಯಿತು. ಕಪ್ಪು ಮನುಷ್ಯ ಬಿಳಿ ಹೆಂಗಸಿಗೆ ಪಾಪ ಅನ್ನೋದಾ ಅಂತ ಸರ್ಕಾರಿ ವಕೀಲ ಗಿಲ್ಮರ್ ಉರಿದುಬಿದ್ದ. ಇಡೀ ಪುಸ್ತಕದಲ್ಲಿ ನನಗೆ ಅತೀ ನಿಜ ಅನಿಸಿದ ಜಾಗ ಅದು. ಹೊಡೆದರೆ ಸಹಿಸಿಕೊಳ್ತಾರೆ, ಕನಿಕರ ತೋರಿಸಿದರೆ ಸಹಿಸಲ್ಲ. ಅದಕ್ಕೆ ಲೀ ಅವರಿಗೆ ಪೂರ್ತಿ ಅಂಕ ಕೊಡ್ತೇನೆ.

ಬಿ.ಎ. ಕೊನೇ ವರ್ಷ:
ಇದನ್ನು ನೋಟ್ಸ್‌ನಲ್ಲಿ ಬರ್ಕೊಂಡೆ ಸರ್. ಥ್ಯಾಂಕ್ಸ್.

ಪುಟದ ಮಡಿಕೆ:
ಇನ್ನೊಂದು ವಿಷಯಕ್ಕೂ ಬಳಗದಲ್ಲಿ ಜಗಳ ಆಗಿತ್ತು. ಜೈಲಿನ ಮುಂದೆ ಟಾಮ್‌ನನ್ನು ಕೊಲ್ಲೋಕೆ ಗುಂಪು ಬರುತ್ತಲ್ಲ, ಸ್ಕೌಟ್ ಹೋಗಿ ಗುಂಪಿನಲ್ಲಿದ್ದ ಒಬ್ಬನನ್ನು "ಹೇ ಮಿಸ್ಟರ್ ಕನಿಂಗ್‌ಹ್ಯಾಮ್" ಅಂತ ಮಾತಾಡಿಸಿದ ಕೂಡಲೇ ಎಲ್ಲ ಚದುರಿ ಹೋಗ್ತಾರೆ. ನಂಬಬಹುದಾ?

ಬಿಸಿಲೂರು:
ನಂಬಲ್ಲ. ಸುಮ್ನೆ ಸಿನಿಮಾ.

ಹಂಟ್ಸ್‌ವಿಲ್ ಕನ್ನಡಿಗ:
ಇಲ್ಲಿನ ಮಾಂಟ್‌ಗಮರಿಯಲ್ಲಿ 2018ರಲ್ಲಿ ತೆರೆದ ಒಂದು ಸ್ಮಾರಕ ಇದೆ. 1877ರಿಂದ 1950ರವರೆಗೆ ಗುಂಪುಗಳು ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರ ನೆನಪಿಗೆ. ಒಂದೊಂದು ಕೌಂಟಿಗೆ (ನಮ್ಮ ಜಿಲ್ಲೆ ಥರ) ಒಂದೊಂದು ಉಕ್ಕಿನ ಕಂಬ, ಮೇಲಿಂದ ತೂಗುಬಿಟ್ಟಿದ್ದಾರೆ, ಮೇಲೆ ಹೆಸರು ಕೊರೆದಿದ್ದಾರೆ. ಅಲ್ಲಿ ಓಡಾಡಿ ಬಂದ ಮೇಲೆ ಆ ಜೈಲಿನ ಸೀನು ಓದೋಕೆ ಕಷ್ಟ.

ಆಟಿಕಸ್ ಆ ರಾತ್ರಿಯ ನಂತರ "ಕನಿಂಗ್‌ಹ್ಯಾಮ್ ಮೂಲತಃ ಒಳ್ಳೆಯವನೇ" ಅಂತಾನೆ. ಕಪ್ಪು ಜನರ ಮೇಲೆ ಹಿಂಸೆ ನಡೆಸುತ್ತಿದ್ದ ಬಿಳಿಯರ ಗುಪ್ತ ಸಂಘ ಕು ಕ್ಲಕ್ಸ್ ಕ್ಲಾನ್ ಬಗ್ಗೆ ಮಕ್ಕಳು ಕೇಳಿದರೆ ಅದು ಹೆಚ್ಚಾಗಿ ರಾಜಕೀಯ ಸಂಘಟನೆ ಆಗಿತ್ತು, ಈಗಿಲ್ಲ ಅನ್ನೋ ಅರ್ಥದಲ್ಲಿ ತೇಲಿಸಿಬಿಡ್ತಾನೆ. ಪುಸ್ತಕ ಬಂದ ಮರುವರ್ಷವೇ ಇದೇ ರಾಜ್ಯದಲ್ಲಿ ಕ್ಲಾನ್‌ನವರು ಬಸ್ಸುಗಳಲ್ಲಿನ ಬಣ್ಣದ ಭೇದ ವಿರೋಧಿಸಿ ಹೊರಟಿದ್ದ ಫ್ರೀಡಂ ರೈಡರ್‌ಗಳ ಬಸ್ಸಿಗೆ ಬೆಂಕಿ ಇಟ್ಟರು.

ಉಮಾ ತುಮಕೂರು:
ಗುಂಪಿನ ವಿಷಯಕ್ಕೆ ಬಂದರೆ ನಾವೂ ಕಮ್ಮಿ ಏನಿಲ್ಲ. 2016ರಲ್ಲಿ ಬೆಂಗಳೂರಿನ ಹೆಸರಘಟ್ಟ ಕಡೆ ನೆನಪಿದೆಯಾ? ಸುಡಾನ್‌ನವನೊಬ್ಬನ ಕಾರು ಡಿಕ್ಕಿಯಾಗಿ ಒಬ್ಬ ಹೆಂಗಸು ತೀರಿಕೊಂಡರು. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿ ಆಮೇಲೆ ಆ ದಾರಿಯಲ್ಲಿ ಬಂದರೆ, ಗುಂಪು ಅವಳ ಮೇಲೆ ಬಿತ್ತು. ಚರ್ಮದ ಬಣ್ಣ ಒಂದೇ ಅಂತ. ಅಲ್ಲಿ ಯಾವ ಸ್ಕೌಟೂ ಬರಲಿಲ್ಲ.

ಗೊಣಗುವ ತಾತ:
ನನಗೆ ಬೇರೆ ಒಂದು ಕೇಳಬೇಕು. ಕೊನೆಯಲ್ಲಿ ಬಾಬ್ ಯೂವೆಲ್ ಸಾಯ್ತಾನೆ. ಕೊಂದವನು ಬೂ ರ‍್ಯಾಡ್ಲಿ, ಮಕ್ಕಳನ್ನು ಉಳಿಸೋಕೆ. ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಏನು ಮಾಡ್ತಾನೆ? "ಅವನು ತನ್ನ ಚಾಕುವಿನ ಮೇಲೆ ತಾನೇ ಬಿದ್ದ" ಅಂತ ಬರೆದು ಮುಗಿಸ್ತಾನೆ. ಆಟಿಕಸ್ ಮೊದಲು ಒಪ್ಪಲ್ಲ, ಆಮೇಲೆ ಒಪ್ತಾನೆ. ಕಾನೂನು ಎಲ್ಲರಿಗೂ ಒಂದೇ ಅಂತ ಅಷ್ಟುದ್ದ ಭಾಷಣ ಮಾಡಿದವನು! ನಾಚಿಕೆ ಸ್ವಭಾವದ ಬಿಳಿಯನಿಗೆ ಕಾನೂನು ಬಗ್ಗಿತು. ಟಾಮ್‌ಗೆ ಬಗ್ಗಲಿಲ್ಲ. ಇದನ್ನು ಯಾರೂ ಯಾಕೆ ಎತ್ತಲಿಲ್ಲ?

ಕೋರ್ಟ್ ಹಾಲ್ 9:
ತಾತ, ಒಳ್ಳೆ ಪಾಯಿಂಟ್. ಬೂ ಮೇಲೆ ಕೇಸು ಹಾಕಿದ್ದರೂ ನಿಲ್ಲುತ್ತಿರಲಿಲ್ಲ, ಇನ್ನೊಬ್ಬರ ಜೀವ ಉಳಿಸಲು ಮಾಡಿದ್ದು. ಹಾಗಾಗಿ ಸುಳ್ಳು ಬೇಕೇ ಇರಲಿಲ್ಲ. ಊರವರು ಕೇಕು ಹಿಡಿದು ಅವನ ಮನೆಗೆ ಬರೋದನ್ನು ತಪ್ಪಿಸೋಕೆ ಸುಳ್ಳು ಅಂತ ಶೆರಿಫ್ ಹೇಳ್ತಾನೆ. ಒಬ್ಬನ ಸಂಕೋಚಕ್ಕೆ ಇರುವ ಬೆಲೆ ಇನ್ನೊಬ್ಬನ ಜೀವಕ್ಕಿಲ್ಲ.

ಫಿಲಂ ಹುಚ್ಚ:
ಬೂ ಪಾತ್ರ ಮಾಡಿದ್ದು ರಾಬರ್ಟ್ ಡುವಾಲ್, ಅವರ ಮೊದಲ ಸಿನಿಮಾ. ಒಂದು ಮಾತೂ ಇಲ್ಲ. ಸುಮ್ನೆ ಬಾಗಿಲ ಹಿಂದೆ ನಿಂತಿರ್ತಾರೆ. ಏನು ನಟನೆ ರೀ!

ಮೇಷ್ಟ್ರು ಶಿರಸಿ:
ಇಷ್ಟೆಲ್ಲ ತಪ್ಪು ಹುಡುಕಿದ ಮೇಲೂ ಶಾಲೆಗಳಿಂದ ಇದನ್ನು ತೆಗೀಬೇಕು ಅಂತೀರಾ? 1966ರಲ್ಲಿ ವರ್ಜೀನಿಯಾದ ಹ್ಯಾನೋವರ್ ಕೌಂಟಿಯ ಶಿಕ್ಷಣ ಮಂಡಳಿ ಇದು ಅನೈತಿಕ ಅಂತ ತೆಗೆಯಿತು. ಲೀ ಒಂದು ಪತ್ರಿಕೆಗೆ ಕಾಗದ ಬರೆದು ಜೊತೆಗೆ 10 ಡಾಲರ್ ಕಳಿಸಿದರು, ಆ ಮಂಡಳಿಯವರನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಳಸಿಕೊಳ್ಳಿ ಅಂತ! 2017ರಲ್ಲಿ ಮಿಸಿಸಿಪಿಯ ಬಿಲಾಕ್ಸಿಯಲ್ಲಿ ಎಂಟನೇ ತರಗತಿಯಿಂದ ತೆಗೆದರು, ಭಾಷೆ ಕೆಲವರಿಗೆ ಮುಜುಗರ ಮಾಡುತ್ತೆ ಅಂತ. ಮುಜುಗರ ಆಗಲಿ ಅಂತಲೇ ಬರೆದದ್ದು.

ಕೆಂಪುಮಣ್ಣು:
ತೆಗೀಬೇಕು ಅಂತ ನಾನು ಹೇಳಲೇ ಇಲ್ಲ ಸರ್. ಆದರೆ ಮುಜುಗರ ಯಾರಿಗೆ ಅಂತ ಕೇಳಿ. ಮೂವತ್ತು ಬಿಳಿ ಮಕ್ಕಳ ನಡುವೆ ಒಬ್ಬ ಕಪ್ಪು ಹುಡುಗ ಕೂತಿರ್ತಾನೆ. ಪುಸ್ತಕದಲ್ಲಿರುವ, ಕಪ್ಪು ಜನರನ್ನು ಹಳಿಯುವ ಪದವನ್ನು ಗೆಳೆಯರು ಗಟ್ಟಿಯಾಗಿ ಓದ್ತಾರೆ. ಎಲ್ಲರೂ ಅವನ ಕಡೆ ತಿರುಗ್ತಾರೆ. ಕ್ಲಾಸಿನಲ್ಲಿ ಜಾತಿ ಪಾಠ ಬಂದಾಗ ನನ್ನ ಕಡೆ ತಿರುಗಿದ ಕಣ್ಣುಗಳು ನನಗೆ ಗೊತ್ತು. 2022ರಲ್ಲಿ ವಾಷಿಂಗ್ಟನ್ ರಾಜ್ಯದ ಮುಕಿಲ್‌ಟಿಯೋದಲ್ಲಿ ಶಿಕ್ಷಕರೇ ಕೇಳಿಕೊಂಡು ಕಡ್ಡಾಯ ಪಟ್ಟಿಯಿಂದ ತೆಗೆಸಿದರು. ನಿಷೇಧ ಅಲ್ಲ, ಬೇಕಾದವರು ಪಾಠ ಮಾಡಬಹುದು. ಅದು ನನಗೆ ಸರಿ ಅನಿಸುತ್ತೆ.

ಇದರ ಜೊತೆ ಮಿಲ್ಡ್ರೆಡ್ ಟೇಲರ್ ಅವರ 'ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ' ಇಟ್ಟು ಓದಿಸಿ. 1976ರದು. ಅದೂ 1933ರ ಕಾಲ, ಪಕ್ಕದ ಮಿಸಿಸಿಪಿ, ಅದೂ ಒಂಬತ್ತು ವರ್ಷದ ಹುಡುಗಿ ಹೇಳುವ ಕಥೆ. ಆದರೆ ಕ್ಯಾಸಿ ಲೋಗನ್ ಕಪ್ಪು ಹುಡುಗಿ. ಅವರಪ್ಪನಿಗೆ ಸ್ವಂತ ಜಮೀನಿದೆ, ಅದನ್ನು ಉಳಿಸಿಕೊಳ್ಳೋದೇ ಹೋರಾಟ. ಚೋಮ ಇದ್ದಿದ್ದರೆ ಅವನಿಗೂ ಓದಿ ಹೇಳಬೇಕು ಅನಿಸುತ್ತೆ.

ಮೇಷ್ಟ್ರು ಶಿರಸಿ:
ಈ ಪುಸ್ತಕ ನಾನು ಓದಿಲ್ಲ. ಹುಡುಕ್ತೇನೆ. ಆದರೂ ಮಾಕಿಂಗ್‌ಬರ್ಡ್ ಕಡ್ಡಾಯ ಇರಬೇಕು ಅನ್ನೋದರಲ್ಲಿ ನಾನು ಬದಲಾಗಲ್ಲ.

ಕೆಂಪುಮಣ್ಣು:
ನಾನೂ ಬದಲಾಗಲ್ಲ ಸರ್.

ಬಿಸಿಲೂರು:
'ಗೋ ಸೆಟ್ ಎ ವಾಚ್‌ಮನ್' ಅಂತ ಲೀ ಅವರ ಇನ್ನೊಂದು ಕಾದಂಬರಿ ಇದೆಯಲ್ಲ, ಓದಿದವರು ಇದ್ದಾರಾ? ಅದರಲ್ಲಿ ಆಟಿಕಸ್ ಕಪ್ಪು ಜನರ ವಿರುದ್ಧವೇ ಮಾತಾಡ್ತಾನಂತೆ?

ಪುಟದ ಮಡಿಕೆ:
ಓದಿದ್ದೇನೆ. 2015ರಲ್ಲಿ ಬಂತು. ಆದರೆ ಬರೆದದ್ದು ಮಾಕಿಂಗ್‌ಬರ್ಡ್‌ಗಿಂತ ಮೊದಲು, 1950ರ ದಶಕದಲ್ಲಿ. ಸಂಪಾದಕಿ ಟೇ ಹೋಹಾಫ್ ಅದರಲ್ಲಿದ್ದ ಸ್ಕೌಟ್ ಬಾಲ್ಯದ ಭಾಗಗಳನ್ನೇ ಹಿಗ್ಗಿಸಿ ಬರಿ ಅಂದರು, ಹಾಗೆ ಮಾಕಿಂಗ್‌ಬರ್ಡ್ ಹುಟ್ಟಿತು. ವಾಚ್‌ಮನ್‌ನಲ್ಲಿ ಸ್ಕೌಟ್‌ಗೆ 26 ವರ್ಷ. ನ್ಯೂಯಾರ್ಕ್‌ನಿಂದ ಊರಿಗೆ ಬರ್ತಾಳೆ. ಬಣ್ಣದ ಭೇದ ಉಳಿಸಿಕೊಳ್ಳೋಕೆ ಕಟ್ಟಿದ ಬಿಳಿಯರ ಕೌನ್ಸಿಲ್ ಸಭೆ ಅದೇ ಕೋರ್ಟ್ ಹಾಲಿನಲ್ಲಿ ನಡೀತಿರುತ್ತೆ, ಅಪ್ಪ ಮುಂದಿನ ಮೇಜಿನಲ್ಲಿ ಕೂತಿರ್ತಾನೆ. ಅವಳು ಬಾಲ್ಕನಿಯಿಂದ ನೋಡ್ತಾಳೆ. ಬರವಣಿಗೆ ಒರಟು, ಆದರೆ ಆ ಸೀನು ಎದೆಗೆ ಒದ್ದ ಹಾಗಿದೆ.

ಬಿಸಿಲೂರು:
ಅಂದ್ರೆ ಅಸಲಿ ಆಟಿಕಸ್ ಅವನೇ?

ಪುಟದ ಮಡಿಕೆ:
ಹಾಗಂತ ವಾದಿಸುವವರು ಇದ್ದಾರೆ. ಮೊದಲ ಕರಡು ಅಷ್ಟೇ ಅನ್ನುವವರೂ ಇದ್ದಾರೆ. ಅದರಲ್ಲಿ ಟಾಮ್‌ನಂಥವನ ಕೇಸು ಬಂದು ಹೋಗುತ್ತೆ, ಆದರೆ ಅಲ್ಲಿ ಅವನಿಗೆ ಬಿಡುಗಡೆ ಆಗಿರುತ್ತೆ. ಎರಡನ್ನೂ ಒಂದೇ ಕಥೆಯ ಹಿಂದು ಮುಂದು ಅಂತ ಓದೋಕಾಗಲ್ಲ. ನನಗಂತೂ ಕ್ಲಾನ್ ಬಗ್ಗೆ ಮಾತು ತೇಲಿಸಿದ ಆಟಿಕಸ್ ಇಪ್ಪತ್ತು ವರ್ಷ ಆದ ಮೇಲೆ ಆ ಮೇಜಿಗೆ ಬಂದು ಕೂತಿದ್ದು ಆಶ್ಚರ್ಯ ಅನಿಸಲಿಲ್ಲ.

ಉಮಾ ತುಮಕೂರು:
ನಾನು ಆ ಪುಸ್ತಕ ಓದಲ್ಲ. ನನ್ನ ಆಟಿಕಸ್ ನನಗಿರಲಿ.

ಗೊಣಗುವ ತಾತ:
ಇದೇ ಆಗಿದ್ದು ಆ ದೇಶಕ್ಕೂ.

ಬಿ.ಎ. ಕೊನೇ ವರ್ಷ:
ಈಗ ಅಲ್ಲಿ ಎಲ್ಲ ಸರಿಯಾಗಿದೆಯಾ ಸರ್? ಅಲಬಾಮಾದಲ್ಲಿ?

ಹಂಟ್ಸ್‌ವಿಲ್ ಕನ್ನಡಿಗ:
ಒಂದು ಲೆಕ್ಕ ಹೇಳ್ತೇನೆ ತಂಗಿ. ಕಪ್ಪು ಬಿಳಿ ಮದುವೆಗೆ ಅಡ್ಡಿ ಮಾಡೋ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲೇ ಹೊಡೆದುಹಾಕಿತು. ಅಲಬಾಮಾದ ಸಂವಿಧಾನದಲ್ಲಿ ಮಾತ್ರ ಆ ಸಾಲು 2000ದವರೆಗೆ ಹಾಗೇ ಇತ್ತು. ಆ ವರ್ಷ ಜನಮತ ಕೇಳಿ ತೆಗೆದರು. ಆಗಲೂ ಸುಮಾರು ಶೇ 40 ಜನ ಅದು ಇರಲಿ ಅಂತ ವೋಟು ಹಾಕಿದರು.

ಬಿಸಿಲೂರು:
2000ದಲ್ಲಾ!

ಪುಟದ ಮಡಿಕೆ:
ಬಳಗಕ್ಕೆ ಮುಂದಿನ ತಿಂಗಳ ಪುಸ್ತಕ ಗೊತ್ತಾಯಿತು, ಮಿಲ್ಡ್ರೆಡ್ ಟೇಲರ್. ಜೊತೆಗೆ 'ಊರುಕೇರಿ'. ಕೆಂಪುಮಣ್ಣು ಅವರೇ, ನೀವು ಬಂದು ಮಾತಾಡ್ತೀರಾ? ಭಾನುವಾರ ಸಂಜೆ ಇರುತ್ತೆ.

ಕೆಂಪುಮಣ್ಣು:
ಬರ್ತೇನೆ. ಆದರೆ ನಾನೊಬ್ಬನೇ ಮಾತಾಡಿ ನೀವೆಲ್ಲ ತಲೆಯಾಡಿಸೋದು ಬೇಡ. ಮೇಷ್ಟ್ರೂ ಬರಲಿ, ಜಗಳ ಇದ್ದರೆ ಬರ್ತೇನೆ.

ಮೇಷ್ಟ್ರು ಶಿರಸಿ:
ಶಿರಸಿಯಿಂದ ಬಸ್ಸು ಹಿಡಿದು ಬರ್ತೇನೆ ಮಾರಾಯ್ರೆ. ಮಿಲ್ಡ್ರೆಡ್ ಟೇಲರ್ ಪುಸ್ತಕ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಅಂಚೆ ಖರ್ಚು ನನ್ನದು.